ಜೈಲಿಂದ ಬಂದ ಮೇಲೆ ವೋಟು: ಪಟ್ಟಿಗೆ ಹೆಸರು ವಾಪಸ್ ಸೇರಿಸೋದು ಹೇಗೆ?

"ಜೈಲಿಗೆ ಹೋಗಿ ಬಂದವರಿಗೆ ವೋಟು ಇರಲ್ಲ ಅಲ್ವಾ?" ಹಾಸನ, ಚಿಕ್ಕಮಗಳೂರು ಕಡೆ ಟೀ ಅಂಗಡಿಯಲ್ಲಿ ಕೇಳಿ, ಹತ್ತರಲ್ಲಿ ಎಂಟು ಜನ ಹೌದು ಅಂತಾರೆ. ಓದಿದವರೂ ಅಂತಾರೆ. ಆದರೆ ಇದು ತಪ್ಪು. ನಮ್ಮ ದೇಶದ ಕಾನೂನಿನಲ್ಲಿ, ಚುನಾವಣಾ ಅಪರಾಧದಲ್ಲಿ ಶಿಕ್ಷೆ ಆದವರನ್ನು ಬಿಟ್ಟರೆ, ಶಿಕ್ಷೆ ಮುಗಿಸಿ ಹೊರಗೆ ಬಂದವರಿಗೆ ಅವತ್ತಿನಿಂದಲೇ ವೋಟಿನ ಹಕ್ಕು ಇದೆ. ಯಾರ ಹತ್ತಿರವೂ ಅರ್ಜಿ ಹಾಕಿ ಹಕ್ಕು ವಾಪಸ್ ಕೇಳಬೇಕಾಗಿಲ್ಲ. ಕೊಲೆ ಕೇಸಲ್ಲಿ ಹದಿನಾಲ್ಕು ವರ್ಷ ಒಳಗಿದ್ದು ಬಂದವರಿಗೂ ಅಷ್ಟೇ, ಮರಳು ಸಾಗಿಸಿ ತಿಂಗಳು ಒಳಗಿದ್ದವರಿಗೂ ಅಷ್ಟೇ.

ಹಾಗಾದರೆ ತೊಂದರೆ ಎಲ್ಲಿ? ಹಕ್ಕು ಎಲ್ಲಿಗೂ ಹೋಗಿರುವುದಿಲ್ಲ, ಪಟ್ಟಿಯಲ್ಲಿ ಹೆಸರು ಹೋಗಿರುತ್ತದೆ. ನೀವು ಒಳಗಿದ್ದಾಗ ಬಿಎಲ್‌ಒ, ಅಂದರೆ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬಂದಿರುತ್ತಾರೆ. "ಅವರು ಇಲ್ಲಿ ಇಲ್ಲ" ಅಂತ ಮನೆಯವರು ಹೇಳಿರುತ್ತಾರೆ. ಜೈಲಲ್ಲಿದ್ದಾರೆ ಅಂತ ಹೇಳೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ? ಪಕ್ಕದ ಮನೆಯವರನ್ನು ಕೇಳಿದರೆ "ಊರು ಬಿಟ್ಟು ಹೋದ್ರು" ಅಂದಿರುತ್ತಾರೆ. ಅಲ್ಲಿಗೆ ಸ್ಥಳಾಂತರ ಅಂತ ಬರೆದು ಹೆಸರು ತೆಗೆದಾಯಿತು. ಹೊರಗೆ ಬಂದ ಮನುಷ್ಯ ಮತಗಟ್ಟೆಗೆ ಹೋದರೆ ಹೆಸರಿಲ್ಲ. "ನೋಡಿ, ನಾವು ಹೇಳಿರಲಿಲ್ವಾ?" ಅಂತ ಊರಿನವರು ತಲೆಯಾಡಿಸುತ್ತಾರೆ.

ಈ ಲೇಖನ ಆ ಹೆಸರನ್ನು ವಾಪಸ್ ಸೇರಿಸುವ ದಾರಿ. ಇದನ್ನು ಹೊರಬಂದವರೇ ಓದಬೇಕು ಅಂತಿಲ್ಲ. ಮನೆಯವರು, ಸಂಘದವರು, ಪಂಚಾಯಿತಿ ಸದಸ್ಯರು ಓದಿಕೊಂಡು ಜೊತೆಗೆ ಹೋದರೆ ಇನ್ನೂ ಒಳ್ಳೆಯದು.

ಕಾನೂನು ಏನು ಹೇಳುತ್ತೆ

ಎರಡು ಕಾಯ್ದೆಗಳಿವೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆ ಪಟ್ಟಿಗೆ ಸಂಬಂಧಿಸಿದ್ದು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆ ಚುನಾವಣೆ ನಡೆಸುವುದಕ್ಕೆ ಸಂಬಂಧಿಸಿದ್ದು. ಎರಡನ್ನೂ ಬೇರೆ ಬೇರೆ ನೆನಪಿಟ್ಟುಕೊಳ್ಳಿ, ಕಚೇರಿಯಲ್ಲಿ ಮಾತಾಡುವಾಗ ಬೇಕಾಗುತ್ತದೆ.

1950ರ ಕಾಯ್ದೆಯ ಕಲಂ 16 ಯಾರ ಹೆಸರು ಪಟ್ಟಿಯಲ್ಲಿ ಇರಬಾರದು ಅಂತ ಹೇಳುತ್ತದೆ. ಭಾರತದ ಪ್ರಜೆ ಅಲ್ಲದವರು, ಬುದ್ಧಿಸ್ವಾಧೀನ ಇಲ್ಲ ಅಂತ ಕೋರ್ಟ್ ಘೋಷಿಸಿದವರು, ಚುನಾವಣಾ ಅಕ್ರಮದ ಕಾನೂನಿನಡಿ ಸದ್ಯಕ್ಕೆ ಮತದಾನದಿಂದ ಅನರ್ಹ ಆದವರು. ಮೂರೇ ಗುಂಪು. ಕಳ್ಳತನ, ಹೊಡೆದಾಟ, ಗಂಧದ ಕೇಸು, ಒತ್ತುವರಿ ಕೇಸು, ಕಾಡಾನೆ ಗಲಾಟೆಯಲ್ಲಿ ರಸ್ತೆ ತಡೆದ ಕೇಸು, ಇವು ಯಾವುವೂ ಆ ಕಲಮಿನಲ್ಲಿ ಇಲ್ಲ. ಕೊಲೆ ಕೇಸು ಕೂಡ ಇಲ್ಲ.

1951ರ ಕಾಯ್ದೆಯ ಕಲಂ 62ರ ಐದನೇ ಉಪಕಲಂ ಮತದಾನದ ದಿನದ ಮಾತು ಹೇಳುತ್ತದೆ. ಅವತ್ತು ಜೈಲಿನಲ್ಲಿ ಇರುವವರು, ಪೊಲೀಸ್ ಕಸ್ಟಡಿಯಲ್ಲಿ ಇರುವವರು ವೋಟು ಹಾಕುವಂತಿಲ್ಲ. ಶಿಕ್ಷೆ ಆದವರು, ವಿಚಾರಣಾಧೀನ ಕೈದಿಗಳು ಅಂತ ಇಲ್ಲಿ ಭೇದ ಇಲ್ಲ. ನನಗೆ ಕೇಳಿದರೆ ಇದೇ ಈ ಕಾನೂನಿನ ದೊಡ್ಡ ಹುಳುಕು. ಜಾಮೀನಿಗೆ ದುಡ್ಡು ಹೊಂದಿಸಲಾಗದ ಕೂಲಿಯವನು, ಅಪರಾಧ ಇನ್ನೂ ಸಾಬೀತೇ ಆಗಿಲ್ಲದಿದ್ದರೂ ವೋಟು ಕಳೆದುಕೊಳ್ಳುತ್ತಾನೆ. ಶಿಕ್ಷೆ ಆಗಿ ಮೇಲ್ಮನವಿಯಲ್ಲಿ ಜಾಮೀನು ಪಡೆದ ಸಾಹುಕಾರ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಬಟನ್ ಒತ್ತುತ್ತಾನೆ. ಈ ಕಲಂ ಸರಿ ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ, ಹಾಗಾಗಿ ಸದ್ಯಕ್ಕೆ ಇದೇ ಕಾನೂನು.

ನಮಗೆ ಬೇಕಾದ ಸಾಲು ಅದೇ ಉಪಕಲಮಿಗೆ 2013ರಲ್ಲಿ ಸೇರಿದೆ. ಆ ವರ್ಷ ಜುಲೈ 10ರಂದು ಸುಪ್ರೀಂ ಕೋರ್ಟ್, ವೋಟು ಹಾಕಲಾಗದ ಕೈದಿ ಚುನಾವಣೆಗೂ ನಿಲ್ಲುವಂತಿಲ್ಲ ಎಂಬ ತೀರ್ಪು ಕೊಟ್ಟಿತ್ತು. ಅದನ್ನು ದಾಟಲು ಸಂಸತ್ತು ಅದೇ ವರ್ಷ ತಿದ್ದುಪಡಿ ತಂದಿತು: ಜೈಲಿನಲ್ಲಿ ಇರುವ ಕಾರಣಕ್ಕೆ ವೋಟು ಹಾಕಲಾಗದಿದ್ದರೂ, ಪಟ್ಟಿಯಲ್ಲಿ ಹೆಸರು ಇರುವ ವ್ಯಕ್ತಿ ಮತದಾರನಾಗಿಯೇ ಉಳಿಯುತ್ತಾನೆ. ರಾಜಕಾರಣಿಗಳು ತಮಗೋಸ್ಕರ ಮಾಡಿಕೊಂಡ ತಿದ್ದುಪಡಿ ಅನ್ನಿ. ಉಪಯೋಗ ಮಾತ್ರ ಕಾಫಿ ತೋಟದ ಲೈನ್ ಮನೆಯಲ್ಲಿರುವ ಕೂಲಿಗೂ ಇದೆ. ಜೈಲಿನಲ್ಲಿದ್ದಾನೆ ಅನ್ನುವ ಕಾರಣಕ್ಕೆ ಹೆಸರು ತೆಗೆಯುವಂತಿಲ್ಲ ಅಂತ ಈಗ ಕಾಯ್ದೆಯೇ ಹೇಳುತ್ತಿದೆ.

ಇದರ ವಿಚಿತ್ರವೂ ಹೇಳಿಬಿಡುತ್ತೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಕಾಶ್ಮೀರದ ಬಾರಾಮುಲ್ಲಾ ಕ್ಷೇತ್ರದಿಂದ ಎಂಜಿನಿಯರ್ ರಶೀದ್ ತಿಹಾರ್ ಜೈಲಿನಲ್ಲಿದ್ದುಕೊಂಡೇ ಗೆದ್ದರು. ಜೈಲಿಂದ ಗೆಲ್ಲಬಹುದು, ಜೈಲಿಂದ ವೋಟು ಹಾಕುವಂತಿಲ್ಲ! ನಮ್ಮ ಚಿಕ್ಕಮಗಳೂರಿನದೂ ಒಂದು ಕಥೆ ಇದೆ. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಲ್ಲಿಂದ ಗೆದ್ದ ಇಂದಿರಾ ಗಾಂಧಿ, ಡಿಸೆಂಬರ್‌ನಲ್ಲಿ ಲೋಕಸಭೆಯಿಂದ ಉಚ್ಚಾಟನೆಯಾಗಿ ಅದೇ ತಿಹಾರ್ ಜೈಲು ಸೇರಿದ್ದರು.

ಇನ್ನೊಂದು ಗೊಂದಲ ಚುನಾವಣೆಗೆ ನಿಲ್ಲುವುದರದ್ದು. ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆ ಆದವರು ಬಿಡುಗಡೆ ಆದ ಮೇಲೂ ಆರು ವರ್ಷ ವಿಧಾನಸಭೆಗೆ, ಲೋಕಸಭೆಗೆ ನಿಲ್ಲುವಂತಿಲ್ಲ. ಅದು 1951ರ ಕಾಯ್ದೆಯ ಕಲಂ 8. ಟೀವಿಯಲ್ಲಿ "ಆರು ವರ್ಷ ಅನರ್ಹ" ಅಂತ ಬಂದಾಗ ಬಹಳ ಜನ ವೋಟೂ ಹೋಯಿತು ಅಂದುಕೊಳ್ಳುತ್ತಾರೆ. ನಿಲ್ಲುವುದು ಬೇರೆ, ವೋಟು ಹಾಕುವುದು ಬೇರೆ. ಅಮೆರಿಕದ ಸುದ್ದಿ ಓದಿ ಗಾಬರಿ ಆಗುವವರೂ ಇದ್ದಾರೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ಶಿಕ್ಷೆ ಮುಗಿದ ಮೇಲೂ ಹಕ್ಕು ತಾನಾಗಿ ವಾಪಸ್ ಬರಲ್ಲ. ಫ್ಲಾರಿಡಾದಲ್ಲಿ 2018ರಲ್ಲಿ ಜನರೇ ಮತ ಹಾಕಿ ಹಕ್ಕು ವಾಪಸ್ ಕೊಡಿಸಿದರು, ಮರುವರ್ಷವೇ ಅಲ್ಲಿನ ಸರ್ಕಾರ ದಂಡ, ಕೋರ್ಟ್ ಶುಲ್ಕ ಪೂರ್ತಿ ಕಟ್ಟಿದ ಮೇಲೆ ಮಾತ್ರ ಅಂತ ಕೊಕ್ಕೆ ಹಾಕಿತು. ನಮ್ಮಲ್ಲಿ ಅಂಥದ್ದೇನೂ ಇಲ್ಲ.

ನೀವು ಯಾವ ಸಾಲಿನಲ್ಲಿ ಇದ್ದೀರಿ?

ಶಿಕ್ಷೆ ಮುಗಿಸಿ ಬಂದಿದ್ದರೆ ವೋಟಿದೆ. ಜಾಮೀನಿನ ಮೇಲೆ ಹೊರಗಿದ್ದರೆ ವೋಟಿದೆ, ಕೇಸು ನಡೀತಾ ಇದ್ದರೂ ಪರವಾಗಿಲ್ಲ. ಬರೀ ದಂಡ ಕಟ್ಟಿ ಬಂದಿದ್ದರೆ ವೋಟು ಇದ್ದೇ ಇದೆ. ಸ್ಟೇಷನ್ನಿನ ರೌಡಿ ಪಟ್ಟಿಯಲ್ಲಿ ಹೆಸರಿದ್ದರೂ ಮತದಾರರ ಪಟ್ಟಿಗೆ ಅದಕ್ಕೂ ಸಂಬಂಧ ಇಲ್ಲ. ನಕ್ಸಲರ ಕಾಡಿನ ದಾರಿ ಬಿಟ್ಟು ಶರಣಾಗಿ, ಜಾಮೀನು ಅಥವಾ ಬಿಡುಗಡೆ ಆಗಿ ಊರಿಗೆ ಬಂದವರಿಗೂ ಇದೇ ನಿಯಮ.

ಗಡಿಪಾರು ಆದೇಶ ಇದ್ದರೆ ಸ್ವಲ್ಪ ಹುಷಾರು. ಚುನಾವಣೆ ಹತ್ತಿರ ಬಂದಾಗ ನಮ್ಮ ಕಡೆ ಈ ಆದೇಶಗಳು ಜಾಸ್ತಿ ಕೇಳಿಬರುತ್ತವೆ. ಹೆಸರು ಪಟ್ಟಿಯಲ್ಲಿ ಇರುತ್ತದೆ, ಆದರೆ ಊರಿನೊಳಗೆ ಕಾಲಿಟ್ಟರೆ ಹೊಸ ಕೇಸು. ಆದೇಶ ಮಾಡಿದ ಅಧಿಕಾರಿಗೆ ಮೊದಲೇ ಅರ್ಜಿ ಕೊಟ್ಟು, ಮತದಾನದ ದಿನಕ್ಕೆ ಬಂದು ಹೋಗಲು ಬರಹದಲ್ಲಿ ಅನುಮತಿ ಪಡೆಯಿರಿ. "ತಾಲ್ಲೂಕಿಗೆ ಬರಬಾರದು" ಅಂತ ಜಾಮೀನಿನ ಷರತ್ತು ಇದ್ದರೂ ಹೀಗೆಯೇ, ವಕೀಲರ ಮೂಲಕ ಕೋರ್ಟಿನಲ್ಲಿ ಕೇಳಬೇಕು. ಬಾಯಿ ಮಾತಿನ "ಬಂದು ಹೋಗಯ್ಯ, ಯಾರೂ ಕೇಳಲ್ಲ" ನಂಬಬೇಡಿ.

ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನದಲ್ಲಿ, ಅಂದರೆ ಮುಂದೆ ಅಪರಾಧ ಮಾಡಬಹುದು ಅಂತ ಮೊದಲೇ ಹಿಡಿದಿಟ್ಟಿರುವುದರಲ್ಲಿ, ಇರುವವರಿಗೆ ಮಾತ್ರ ಒಳಗಿದ್ದೂ ವೋಟಿದೆ, ಅಂಚೆ ಮೂಲಕ. ಚುನಾವಣೆ ಅಧಿಸೂಚನೆ ಬಂದ 15 ದಿನದೊಳಗೆ, ಹೆಸರು, ವಿಳಾಸ, ಪಟ್ಟಿಯ ಸಂಖ್ಯೆ, ಯಾವ ಜೈಲಿನಲ್ಲಿದ್ದೇನೆ ಅನ್ನುವುದನ್ನು ಬರೆದು ಚುನಾವಣಾಧಿಕಾರಿಗೆ ಕಳಿಸಬಹುದು. ಮನೆಯವರು ಜೈಲು ಅಧೀಕ್ಷಕರ ಬೆನ್ನು ಹತ್ತಬೇಕು.

ಚುನಾವಣಾ ಅಪರಾಧದಲ್ಲಿ ಶಿಕ್ಷೆ ಆದವರ ವಿಚಾರ ಬೇರೆ. ಅದನ್ನು ಕೆಳಗೆ ಹೇಳುತ್ತೇನೆ.

ಮೊದಲ ಕೆಲಸ: ಪಟ್ಟಿಯಲ್ಲಿ ಹುಡುಕಿ

ಕೈಯಲ್ಲಿ ಹಳೆಯ ವೋಟರ್ ಐಡಿ ಇದೆ ಅಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರಿದೆ ಅಂತ ಅಲ್ಲ. ಕಾರ್ಡು ಬೀರುವಿನಲ್ಲಿ ಭದ್ರವಾಗಿರುತ್ತದೆ, ಹೆಸರು ಯಾವತ್ತೋ ಹೋಗಿರುತ್ತದೆ. ಅದಕ್ಕೇ ಫಾರಂ ತುಂಬುವ ಮೊದಲು ಹುಡುಕಬೇಕು.

ಮೊಬೈಲಿನಲ್ಲಿ ಚುನಾವಣಾ ಆಯೋಗದ ಆ್ಯಪ್ ಹಾಕಿಕೊಂಡು ಅಥವಾ ಆಯೋಗದ ವೋಟರ್ಸ್ ಪೋರ್ಟಲ್ ತೆರೆದು ಕಾರ್ಡಿನ ನಂಬರ್ ಹಾಕಿ. ಕಾರ್ಡ್ ಇಲ್ಲದಿದ್ದರೆ ಹೆಸರು, ತಂದೆ ಹೆಸರು, ವಯಸ್ಸು ಹಾಕಿ ಹುಡುಕಬಹುದು. ಹೆಸರಿನ ಸ್ಪೆಲಿಂಗು ಬಹಳ ಕಾಡುತ್ತೆ. ಕೃಷ್ಣೇಗೌಡ, ಕೃಷ್ಣೆಗೌಡ, ಕೃಷ್ಣ ಗೌಡ, ಮೂರೂ ಹಾಕಿ ನೋಡಿ. ಇಂಟರ್ನೆಟ್ ಸಹವಾಸ ಬೇಡ ಅನ್ನುವವರು 1950 ನಂಬರಿನ ಸಹಾಯವಾಣಿಗೆ ಫೋನ್ ಮಾಡಬಹುದು.

ಸಿಗಲಿಲ್ಲ ಅಂದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಿಂದ ನಿಮ್ಮ ಮತಗಟ್ಟೆಯ ಪೂರ್ತಿ ಪಟ್ಟಿ ಇಳಿಸಿಕೊಳ್ಳಿ. ಇಲ್ಲವೇ ಬಿಎಲ್‌ಒ ಹತ್ತಿರ ಇರುವ ಪ್ರತಿ ನೋಡಿ. ನಮ್ಮ ಕಡೆ ಬಿಎಲ್‌ಒ ಅಂದರೆ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಸ್ಕೂಲ್ ಮೇಷ್ಟ್ರು. ಪಟ್ಟಿಯಲ್ಲಿ ಮನೆ ನಂಬರಿನ ಪ್ರಕಾರ ಹೆಸರುಗಳು ಸಾಲಾಗಿ ಇರುತ್ತವೆ. ಹೆಂಡತಿ, ಅಣ್ಣ, ಅಮ್ಮನ ಹೆಸರು ಎಲ್ಲಿದೆಯೋ ಅಲ್ಲೇ ಮೇಲೆ ಕೆಳಗೆ ನಿಮ್ಮದೂ ಇರಬೇಕು.

ಆಮೇಲೆ ಕೊನೆಯ ಪುಟಗಳಿಗೆ ಹೋಗಿ. ಪೂರಕ ಪಟ್ಟಿ ಅಂತ ಇರುತ್ತದೆ, ಅದರಲ್ಲಿ ತೆಗೆದುಹಾಕಿದ ಹೆಸರುಗಳು. ಒಂದೊಂದು ಹೆಸರಿನ ಪಕ್ಕ ಇಂಗ್ಲಿಷಿನ ಒಂದು ಅಕ್ಷರ ಇರುತ್ತದೆ. 'ಇ' ಅಂದರೆ ತೀರಿಕೊಂಡವರು. 'ಎಸ್' ಅಂದರೆ ಬೇರೆ ಕಡೆ ಹೋದವರು. 'ಆರ್' ಅಂದರೆ ಎರಡು ಸಲ ಇದ್ದ ಹೆಸರು. 'ಎಂ' ಅಂದರೆ ಪತ್ತೆ ಇಲ್ಲ. 'ಕ್ಯೂ' ಅಂದರೆ ಅನರ್ಹರು. ನಿಮ್ಮ ಹೆಸರಿನ ಮುಂದೆ ಯಾವ ಅಕ್ಷರ ಇದೆ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಬರೆದುಕೊಳ್ಳಿ. ಜೈಲಿಗೆ ಹೋಗಿ ಬಂದವರದ್ದು 'ಎಸ್' ಅಥವಾ 'ಎಂ' ಆಗಿದ್ದರೆ ಹೆಸರು ಸೇರಿಸುವುದು ಸಲೀಸು. 'ಇ' ಬಿದ್ದಿದ್ದರೆ ನೀವು ಬದುಕಿದ್ದೀರಿ ಅಂತ ಖುದ್ದಾಗಿ ಹೋಗಿ ನಿಲ್ಲುವುದೇ ಸಾಕ್ಷಿ. 'ಕ್ಯೂ' ಬಿದ್ದಿದ್ದರೆ ಯಾವ ಕಾನೂನಿನಡಿ ಅನರ್ಹ ಮಾಡಿದ್ದೀರಿ ಅಂತ ಬರಹದಲ್ಲಿ ಕೇಳಬೇಕು. ಸಾಮಾನ್ಯ ಕ್ರಿಮಿನಲ್ ಶಿಕ್ಷೆಗೆ 'ಕ್ಯೂ' ಹಾಕಿದ್ದರೆ ಅದು ತಪ್ಪು.

ಯಾವ ಫಾರಂ?

ಹೆಸರು ಪಟ್ಟಿಯಿಂದ ಹೋಗಿದ್ದರೆ, ಅಥವಾ ಯಾವತ್ತೂ ಸೇರಿಯೇ ಇಲ್ಲದಿದ್ದರೆ ಫಾರಂ 6. ಹೆಸರು ಹಳೆಯ ಊರಿನಲ್ಲಿ ಹಾಗೇ ಇದೆ, ಈಗ ಬೇರೆ ಊರಿನಲ್ಲಿ ಇದ್ದೀರಿ ಅಂದರೆ ಫಾರಂ 8. ಹೆಸರು, ವಯಸ್ಸು ತಿದ್ದಲಿಕ್ಕೂ, ಕಳೆದ ಕಾರ್ಡಿಗೂ ಫಾರಂ 8 ಸಾಕು. ಫಾರಂ 7 ಹೆಸರು ತೆಗೆಸಲು, ಅದನ್ನು ಮುಟ್ಟಬೇಡಿ. ದುಡ್ಡು ಯಾವುದಕ್ಕೂ ಇಲ್ಲ. ಸೈಬರ್ ಸೆಂಟರಿನವರು ತುಂಬಿಕೊಟ್ಟ ಕೂಲಿ ತಗೊಂಡರೆ ಅದು ಅವರ ಕೂಲಿ, ಸರ್ಕಾರದ ಫೀಸು ಅಲ್ಲ.

ಜೈಲಿಗೆ ಹೋಗಿದ್ದಿರಾ, ಶಿಕ್ಷೆ ಆಗಿದೆಯಾ ಅಂತ ಫಾರಂ 6ರಲ್ಲಿ ಎಲ್ಲೂ ಕೇಳುವುದಿಲ್ಲ. ಪೊಲೀಸ್ ವೆರಿಫಿಕೇಶನ್ ಇಲ್ಲ. ಬಿಡುಗಡೆ ಪತ್ರ ಲಗತ್ತಿಸಿ ಅಂತಲೂ ಇಲ್ಲ. ಬಿಡುಗಡೆ ಪತ್ರ ಮಾತ್ರ ಮನೆಯಲ್ಲಿ ಜೋಪಾನವಾಗಿ ಇಟ್ಟಿರಿ, ವಾದಕ್ಕೆ ಬಿದ್ದಾಗ ಕೆಲಸಕ್ಕೆ ಬರುತ್ತದೆ.

ಜನ ತಡವರಿಸುವುದು ಒಂದು ಕಡೆ, "ಈ ವಿಳಾಸದಲ್ಲಿ ಯಾವಾಗಿನಿಂದ ವಾಸ" ಅನ್ನುವ ಸಾಲಿನಲ್ಲಿ. ಬಿಡುಗಡೆ ಆದ ದಿನ ಬರೆಯಬೇಕಾ, ಹುಟ್ಟಿದಾಗಿನಿಂದ ಅಂತ ಬರೆಯಬೇಕಾ? 1950ರ ಕಾಯ್ದೆಯ ಕಲಂ 20 ಇದಕ್ಕೆ ಉತ್ತರ ಕೊಡುತ್ತದೆ. ತಾತ್ಕಾಲಿಕವಾಗಿ ಮನೆಯಲ್ಲಿ ಇಲ್ಲದ ಮಾತ್ರಕ್ಕೆ ನಿಮ್ಮ ವಾಸಸ್ಥಳ ಅದಲ್ಲ ಅಂತ ಆಗಲ್ಲ. ಜೈಲಿನಲ್ಲಿ ಇದ್ದ ಮಾತ್ರಕ್ಕೆ ಜೈಲು ನಿಮ್ಮ ವಾಸಸ್ಥಳ ಅಂತಲೂ ಆಗಲ್ಲ. ಹಾಸನದ ಮನುಷ್ಯ ಮೈಸೂರು ಜೈಲಿನಲ್ಲಿ ಇದ್ದರೂ ಮತದಾರ ಹಾಸನದವನೇ. ಹಾಗಾಗಿ ಹಳೆಯ ಮನೆಗೇ ವಾಪಸ್ ಬಂದಿದ್ದರೆ ಮೊದಲಿನಿಂದ ಇದ್ದ ವರ್ಷವನ್ನೇ ಬರೆಯಿರಿ. ಹೊರಬಂದ ಮೇಲೆ ಹೆಂಡತಿ ಊರಿಗೋ, ಬೇರೆ ಎಸ್ಟೇಟಿಗೋ ಹೋಗಿದ್ದರೆ ಅಲ್ಲಿಗೆ ಹೋದ ತಿಂಗಳು ಬರೆಯಿರಿ. ಸುಳ್ಳು ಮಾತ್ರ ಬರೆಯಬೇಡಿ. ಅದೇ ಕಾಯ್ದೆಯ ಕಲಂ 31ರ ಪ್ರಕಾರ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ವೋಟಿಗೋಸ್ಕರ ಮತ್ತೆ ಅಲ್ಲಿಗೇ ಹೋಗೋದು ಬೇಡ.

ವಯಸ್ಸಿಗೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಹತ್ತನೇ ಕ್ಲಾಸಿನ ಅಂಕಪಟ್ಟಿ ಯಾವುದಾದರೂ ಸಾಕು. ವಿಳಾಸಕ್ಕೆ ಆಧಾರ್, ಬ್ಯಾಂಕ್ ಅಥವಾ ಪೋಸ್ಟಾಫೀಸ್ ಪಾಸ್‌ಬುಕ್, ಕರೆಂಟ್ ಬಿಲ್, ಗ್ಯಾಸ್ ಬಿಲ್, ಜಮೀನಿನ ಪಹಣಿ ಆಗುತ್ತದೆ.

ಲೈನ್ ಮನೆಯವರಿಗೆ

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಬೇಲೂರು ಕಡೆಯ ಕಾಫಿ ತೋಟಗಳ ಲೈನ್ ಮನೆಯವರಿಗೆ ಮೇಲಿನ ಕಾಗದಗಳಲ್ಲಿ ಅರ್ಧ ಇರುವುದಿಲ್ಲ. ಕರೆಂಟ್ ಬಿಲ್ ಎಸ್ಟೇಟ್ ಹೆಸರಲ್ಲಿ, ಪಹಣಿ ಸಾಹುಕಾರರ ಹೆಸರಲ್ಲಿ. ಮನುಷ್ಯ ಜೈಲಿಗೆ ಹೋದ ಮೇಲೆ ಮನೆಯವರನ್ನು ಲೈನಿಂದ ಖಾಲಿ ಮಾಡಿಸಿದ್ದರಂತೂ ವಿಳಾಸವೇ ಇಲ್ಲ.

ಇಂಥ ಕಡೆ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ವಾಸಕ್ಕೆ ಮನೆಯ ಮಾಲೀಕತ್ವ ಬೇಕಿಲ್ಲ, ಎಲ್ಲಿ ಮಲಗಿ ಏಳುತ್ತೀರೋ ಅದೇ ವಾಸ. ಕಾಗದವೇ ಇಲ್ಲದಿದ್ದರೂ, ಸೂರೇ ಇಲ್ಲದಿದ್ದರೂ ಅಧಿಕಾರಿ ಸ್ಥಳಕ್ಕೆ ಬಂದು ಪರಿಶೀಲಿಸಿ ಹೆಸರು ಸೇರಿಸಬಹುದು. ಫಾರಂನಲ್ಲೇ ಆ ವ್ಯವಸ್ಥೆ ಇದೆ. ಪೋಸ್ಟಾಫೀಸಿನಲ್ಲಿ ಒಂದು ಉಳಿತಾಯ ಖಾತೆ ತೆರೆದರೆ ಪಾಸ್‌ಬುಕ್ ಸಿಗುತ್ತದೆ, ಅದು ವಿಳಾಸಕ್ಕೂ ಆಗುತ್ತದೆ. ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಹತ್ತಿರ "ಇಂಥವರು ನಮ್ಮ ಲೈನಿನಲ್ಲಿ ಇಂಥ ತಿಂಗಳಿಂದ ಇದ್ದಾರೆ" ಅಂತ ಎರಡು ಸಾಲು ಬರೆಸಿಕೊಂಡರೆ ಬಿಎಲ್‌ಒ ಬಂದಾಗ ಮಾತು ಸುಲಭ. ರೈಟರ್ ಒಪ್ಪದಿದ್ದರೆ ಪಕ್ಕದ ಮನೆಯ ಇಬ್ಬರು ಮತದಾರರು ಹೇಳಲಿ. ಎಸ್ಟೇಟಿನವರು ಗೇಟಿನಲ್ಲಿ ಬಿಎಲ್‌ಒ ಅವರನ್ನು ತಡೆಯುವ ಹಾಗಿದ್ದರೆ, ನೀವೇ ಮತಗಟ್ಟೆ ಇರುವ ಸ್ಕೂಲಿಗೆ ಹೋಗಿ ಭೇಟಿ ಮಾಡಿ.

ಕೊಡುವುದು ಎಲ್ಲಿ, ಯಾವಾಗ

ಆ್ಯಪಿನಲ್ಲಿ ಹಾಕಬಹುದು, ಬಿಎಲ್‌ಒ ಕೈಗೆ ಕೊಡಬಹುದು, ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಕೊಡಬಹುದು. ಜೈಲಿಂದ ಬಂದವರಿಗೆ ನಾನು ಹೇಳುವುದು ತಾಲ್ಲೂಕು ಕಚೇರಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ಆ ಸೀಲು ಇಲ್ಲದಿದ್ದರೆ ನಾಳೆ "ಅರ್ಜಿಯೇ ಬಂದಿಲ್ಲ" ಅಂದರೆ ನಿಮ್ಮ ಹತ್ತಿರ ಏನೂ ಇರಲ್ಲ. ಆನ್‌ಲೈನ್ ಹಾಕಿದರೆ ಬರುವ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಸೈಬರ್ ಸೆಂಟರ್ ಹುಡುಗನದ್ದಲ್ಲ.

ಫಾರಂ ಜೊತೆ ಒಂದು ಪತ್ರ ಇಡಿ. ಹೀಗೆ ಬರೆದರೆ ಸಾಕು:

"ಮತದಾರರ ನೋಂದಣಿ ಅಧಿಕಾರಿಗಳಿಗೆ. ಮಾನ್ಯರೆ, ನಾನು ಈ ಗ್ರಾಮದ ನಿವಾಸಿ. ಭಾಗ ಸಂಖ್ಯೆ ಇಷ್ಟು, ಕ್ರಮ ಸಂಖ್ಯೆ ಇಷ್ಟರಲ್ಲಿದ್ದ ನನ್ನ ಹೆಸರನ್ನು ಸ್ಥಳಾಂತರ ಎಂದು ತೆಗೆಯಲಾಗಿದೆ. ನಾನು ಸ್ಥಳಾಂತರ ಆಗಿರುವುದಿಲ್ಲ. ಕಾರಾಗೃಹದಲ್ಲಿದ್ದು ಈಗ ಬಿಡುಗಡೆಯಾಗಿ ಅದೇ ಮನೆಯಲ್ಲಿ ವಾಸವಾಗಿದ್ದೇನೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಕಲಂ 20ರ ಪ್ರಕಾರ ಕಾರಾಗೃಹವು ನನ್ನ ಸಾಮಾನ್ಯ ವಾಸಸ್ಥಳ ಆಗುವುದಿಲ್ಲ. ಕಲಂ 16ರ ಯಾವ ಅನರ್ಹತೆಯೂ ನನಗೆ ಅನ್ವಯಿಸುವುದಿಲ್ಲ. ಫಾರಂ 6 ಲಗತ್ತಿಸಿದ್ದೇನೆ. ಹೆಸರು ಸೇರಿಸಬೇಕಾಗಿ ಕೋರುತ್ತೇನೆ."

ಈ ಪತ್ರ ಕಡ್ಡಾಯ ಅಲ್ಲ. ಜೈಲಿನ ವಿಷಯ ಬರೆಯಲು ಇಷ್ಟ ಇಲ್ಲದಿದ್ದರೆ ಬರೀ ಫಾರಂ ಕೊಡಿ, ಅದೂ ಸರಿಯೇ. ಆದರೆ ನಲವತ್ತು ದಾಟಿದವರು ಹೊಸದಾಗಿ ಹೆಸರು ಸೇರಿಸಿ ಅಂದರೆ "ಇಷ್ಟು ವರ್ಷ ಎಲ್ಲಿದ್ರಿ?" ಅಂತ ಕೇಳೋದು ಸಹಜ. ಆಗ ತಡವರಿಸುವ ಬದಲು ಕಾಗದದಲ್ಲೇ ಉತ್ತರ ಇರಲಿ ಅಂತ.

ವರ್ಷಪೂರ್ತಿ ಅರ್ಜಿ ಕೊಡಬಹುದು. ಚುನಾವಣೆ ಘೋಷಣೆ ಆದ ಮೇಲೂ ಸ್ವಲ್ಪ ದಿನ ಸಮಯ ಇರುತ್ತದೆ. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. ಅರ್ಜಿ ಪ್ರಕಟಿಸಿ ಆಕ್ಷೇಪಣೆಗೆ ಕಾಯುವುದು ಏಳು ದಿನ. ಹಾಗಾಗಿ ಆ ಕೊನೆಯ ದಿನಕ್ಕೆ ಹತ್ತು ದಿನ ಮೊದಲಾದರೂ ಅರ್ಜಿ ಒಳಗೆ ಬಿದ್ದಿರಬೇಕು. ಗ್ರಾಮ ಪಂಚಾಯಿತಿ ಮತದಾರರ ಪಟ್ಟಿಗೂ ವಿಧಾನಸಭೆಯ ಪಟ್ಟಿಯೇ ಆಧಾರ, ಆದ್ದರಿಂದ ಒಂದು ಸಲ ಸರಿಮಾಡಿಸಿದರೆ ಪಂಚಾಯಿತಿ ಚುನಾವಣೆಗೂ ಆಯಿತು.

ಕಡೂರಿನವರಿಗೆ ಒಂದು ಮಾತು. ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಗೆ ಮಾತ್ರ ಹಾಸನ. ಪಟ್ಟಿಯ ಕೆಲಸ ವಿಧಾನಸಭಾ ಕ್ಷೇತ್ರದ ಮೇಲೆ ನಡೆಯುವುದರಿಂದ ನೀವು ಓಡಾಡಬೇಕಾದ್ದು ಕಡೂರು ತಾಲ್ಲೂಕು ಕಚೇರಿಗೇ, ಹಾಸನಕ್ಕಲ್ಲ.

"ನಿಮಗೆ ವೋಟಿಲ್ಲ" ಅಂದರೆ

ಜಗಳ ಬೇಡ. "ಯಾವ ಕಲಂ ಪ್ರಕಾರ ಸಾರ್? ಹಿಂಬರಹ ಕೊಡಿ" ಅಂತ ಕೇಳಿ. ಹಿಂಬರಹ ಅನ್ನುವ ಮಾತಿಗೆ ನಮ್ಮ ಕಚೇರಿಗಳಲ್ಲಿ ಒಂದು ತೂಕ ಇದೆ. ಬಾಯಲ್ಲಿ ಇಲ್ಲ ಅಂದವರು ಬರೆದುಕೊಡಿ ಅಂದಾಗ ಒಂದು ಸಲ ಕಾಯ್ದೆ ಪುಸ್ತಕ ನೋಡುತ್ತಾರೆ.

ಅರ್ಜಿ ತಿರಸ್ಕಾರ ಆದರೆ ಆದೇಶ ಆದ 15 ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ. ಅಲ್ಲೂ ಆಗಲಿಲ್ಲ ಅಂದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಎರಡನೇ ಮೇಲ್ಮನವಿ. ಇದು 1950ರ ಕಾಯ್ದೆಯ ಕಲಂ 24. ಹೆಸರು ತೆಗೆಯುವ ಮೊದಲು ನಿಮಗೆ ನೋಟಿಸ್ ಕೊಟ್ಟಿರಲಿಲ್ಲ ಅಂದರೆ ಅದನ್ನೂ ಬರೆಯಿರಿ. ಇಲ್ಲಿ ವಾಸ ಇಲ್ಲ ಅಂತ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಯ ಮಾತು ಕೇಳಲು ಅವಕಾಶ ಕೊಡಬೇಕು ಅಂತ ಕಲಂ 22 ಹೇಳುತ್ತದೆ.

ಬರೆಯಲು ಕಷ್ಟ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಗಳಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಜೈಲಿನಲ್ಲಿ ಇರುವವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರ ನೆರವು ಪುಕ್ಕಟೆ. ಫೋನ್ 15100.

ಚುನಾವಣಾ ಅಪರಾಧದಲ್ಲಿ ಶಿಕ್ಷೆ ಆದವರು

ನಿಜವಾಗಿ ವೋಟು ಕಳೆದುಕೊಳ್ಳುವವರು ಇವರೇ. ವೋಟಿಗೆ ದುಡ್ಡು ಕೊಟ್ಟಿದ್ದು ಅಥವಾ ತಗೊಂಡಿದ್ದು, ಮತದಾರರನ್ನು ಬೆದರಿಸಿದ್ದು, ಬೇರೆಯವರ ಹೆಸರಲ್ಲಿ ವೋಟು ಹಾಕಿದ್ದು, ಚುನಾವಣೆಗೋಸ್ಕರ ಜಾತಿ ಧರ್ಮದ ದ್ವೇಷ ಹಬ್ಬಿಸಿದ್ದು, ಮತಗಟ್ಟೆಯಿಂದ ಮತಪತ್ರ ಹೊತ್ತೊಯ್ದಿದ್ದು, ಇಂಥವುಗಳಲ್ಲಿ ಶಿಕ್ಷೆ ಆದರೆ 1951ರ ಕಾಯ್ದೆಯ ಕಲಂ 11ಎ ಪ್ರಕಾರ ಆರು ವರ್ಷ ವೋಟಿಲ್ಲ. ಸೀರೆ, ಕುಕ್ಕರ್ ಹಂಚುವವರು ಇದನ್ನು ಓದಿಕೊಂಡರೆ ಒಳ್ಳೆಯದು. ಕಳ್ಳನ ವೋಟು ಉಳಿಯುತ್ತದೆ, ವೋಟು ಮಾರಿಕೊಂಡು ಶಿಕ್ಷೆ ಆದವನದ್ದು ಹೋಗುತ್ತದೆ.

ಆರು ವರ್ಷ ಲೆಕ್ಕ ಹಾಕುವುದು ಶಿಕ್ಷೆ ಘೋಷಣೆ ಆದ ದಿನದಿಂದ, ಬಿಡುಗಡೆ ಆದ ದಿನದಿಂದ ಅಲ್ಲ. ಅವಧಿ ಮುಗಿದ ಮೇಲೆ ತೀರ್ಪಿನ ಪ್ರತಿ ಇಟ್ಟು ಫಾರಂ 6 ಕೊಟ್ಟರೆ ಸಾಕು. ಅದಕ್ಕೂ ಮೊದಲೇ ಬೇಕು ಅಂದರೆ ಕಲಂ 11ಬಿ ಇದೆ. ಚುನಾವಣಾ ಆಯೋಗ ಕಾರಣ ದಾಖಲಿಸಿ ಈ ಅನರ್ಹತೆಯನ್ನು ತೆಗೆಯಬಹುದು. ನಮ್ಮ ಕಾನೂನಿನಲ್ಲಿ ವೋಟಿನ ಹಕ್ಕು ವಾಪಸ್ ಕೊಡಿ ಅಂತ ನಿಜಕ್ಕೂ ಅರ್ಜಿ ಹಾಕುವ ಜಾಗ ಇದು. ತೀರ್ಪಿನ ಪ್ರತಿ, ಶಿಕ್ಷೆ ಅನುಭವಿಸಿದ ದಾಖಲೆ ಇಟ್ಟು ದೆಹಲಿಯ ಆಯೋಗಕ್ಕೆ ಬರೆಯಬೇಕು, ವಕೀಲರನ್ನು ಕೇಳಿಯೇ ಬರೆಯಿರಿ. ಆಯೋಗ ಒಪ್ಪಿದರೆ, ಅನರ್ಹತೆಯಿಂದ ಹೊಡೆದುಹಾಕಿದ ಹೆಸರನ್ನು ಆ ಪಟ್ಟಿ ಜಾರಿಯಲ್ಲಿ ಇರುವಾಗಲೇ ಕೂಡಲೇ ವಾಪಸ್ ಸೇರಿಸಬೇಕು ಅಂತ 1950ರ ಕಾಯ್ದೆಯ ಕಲಂ 16ರಲ್ಲೇ ಇದೆ.

ಇನ್ನೂ ಒಳಗಿರುವವರ ಮನೆಯವರಿಗೆ

ಬಿಎಲ್‌ಒ ಮನೆಗೆ ಬಂದಾಗ "ಊರಲ್ಲಿಲ್ಲ" ಅಂತ ಹೇಳಿ ಸುಮ್ನೆ ಬಾಗಿಲು ಹಾಕಿಕೊಳ್ಳಬೇಡಿ. "ತಾತ್ಕಾಲಿಕವಾಗಿ ಹೊರಗಿದ್ದಾರೆ, ಇದೇ ಮನೆಯವರು, ವಾಪಸ್ ಬರುತ್ತಾರೆ, ಹೆಸರು ತೆಗೆಯಬೇಡಿ" ಅಂತ ಹೇಳಿ. ಮತದಾರರ ಪಟ್ಟಿ ಪರಿಷ್ಕರಣೆಯ ಫಾರಂ ಮನೆಗೆ ಬಂದರೆ ತುಂಬಿ ವಾಪಸ್ ಕೊಡಿ, ಪ್ರತಿ ಇಟ್ಟುಕೊಳ್ಳಿ. ಕರಡು ಪಟ್ಟಿ ಪ್ರಕಟ ಆದಾಗ ಅವರ ಹೆಸರನ್ನೂ ಹುಡುಕಿ. ಹೆಸರು ಈಗ ಉಳಿಸಿಕೊಳ್ಳುವುದು ಒಂದು ಮಾತಿನ ಕೆಲಸ, ಹೋದ ಮೇಲೆ ಸೇರಿಸುವುದು ಮೇಲೆ ಬರೆದ ಇಷ್ಟುದ್ದದ ಕೆಲಸ.

ಮತದಾನದ ದಿನ

ಹೆಸರು ಪಟ್ಟಿಯಲ್ಲಿದ್ದರೆ ಹೊಸ ಕಾರ್ಡು ಬರಲಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್ ಯಾವುದಾದರೂ ನಡೆಯುತ್ತದೆ.

ಸಣ್ಣ ಊರಲ್ಲಿ ಪಾರ್ಟಿ ಏಜೆಂಟರಿಗೆ ಎಲ್ಲರ ಜಾತಕವೂ ಗೊತ್ತು. "ಇವನು ಜೈಲಿಗೆ ಹೋಗಿದ್ದವನು, ವೋಟು ಹಾಕಬಾರದು" ಅಂತ ಯಾರಾದರೂ ಕೂಗಬಹುದು. ಏಜೆಂಟ್ ಆಕ್ಷೇಪ ಮಾಡಬಹುದಾದ್ದು ಒಂದೇ ವಿಷಯಕ್ಕೆ: ಈ ಮನುಷ್ಯ ಪಟ್ಟಿಯಲ್ಲಿ ಇರುವವನೇ ಹೌದೋ ಅಲ್ಲವೋ. ಅದಕ್ಕೂ ಅವನು ಎರಡು ರೂಪಾಯಿ ಠೇವಣಿ ಇಡಬೇಕು. ನಿಮ್ಮ ಹಳೆಯ ಕೇಸು ಮತಗಟ್ಟೆಯೊಳಗೆ ಚರ್ಚೆಯ ವಿಷಯವೇ ಅಲ್ಲ. ಪ್ರಿಸೈಡಿಂಗ್ ಆಫೀಸರ್ ಹತ್ತಿರ ಗುರುತಿನ ಚೀಟಿ ತೋರಿಸಿ ನಿಂತುಕೊಳ್ಳಿ, ಸಾಕು.

ಇನ್ನೊಂದು ಸಂಭವ ಇದೆ. ಎಷ್ಟೋ ವರ್ಷ ಊರಲ್ಲಿ ಇಲ್ಲದವರ ವೋಟನ್ನು ಬೇರೆ ಯಾರೋ ಹಾಕಿಬಿಟ್ಟಿರುತ್ತಾರೆ. ನೀವು ಹೋಗುವಷ್ಟರಲ್ಲಿ "ನಿಮ್ಮ ವೋಟು ಆಗಿದೆ" ಅಂದರೆ ವಾಪಸ್ ಬರಬೇಡಿ. ಟೆಂಡರ್ ವೋಟು ಕೊಡಿ ಅಂತ ಕೇಳಿ. ನೀವೇ ಅಸಲಿ ಮತದಾರ ಅಂತ ಪ್ರಿಸೈಡಿಂಗ್ ಆಫೀಸರ್‌ಗೆ ಖಾತ್ರಿಯಾದರೆ ಮತಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ, ಗುರುತು ಹಾಕಿದ ಮೇಲೆ ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮೊದಲ ಎಣಿಕೆಗೆ ಅದು ಸೇರುವುದಿಲ್ಲ. ಆದರೂ ಬಿಡದೆ ಹಾಕಿ ಬನ್ನಿ, ನಿಮ್ಮ ಹೆಸರಿನಲ್ಲಿ ಕಳ್ಳ ವೋಟು ಬಿದ್ದಿದೆ ಅನ್ನುವುದು ಆಗ ದಾಖಲೆಗೆ ಸೇರುತ್ತದೆ.